ಒತ್ತುವ ಕೈ

ಮಂಡಿ ಆಪರೇಷನ್ ಆದ ಮೇಲೆ ಯಾವುದು ಹಗಲು, ಯಾವುದು ಕನಸು ಎಂದು ನನಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ನೋವಿನ ಮಾತ್ರೆ ನುಂಗಿದರೆ ಸಾಕು, ಆಸ್ಪತ್ರೆಯ ಮಂಚ ಮೆಲ್ಲಗೆ ತೇಲುತ್ತಿತ್ತು. ಕಿಟಕಿಯ ಪರದೆ ಉಸಿರಾಡುತ್ತಿತ್ತು. ಆ ತೇಲಾಟದಲ್ಲಿ ಯಾರೋ ನನ್ನ ಮೀನಖಂಡ ಒತ್ತುತ್ತಿದ್ದರು. ಕಣ್ಣು ಬಿಟ್ಟು ನೋಡಿದರೆ ನಮ್ಮ ಯಜಮಾನರು.

ಜೀವಮಾನವಿಡೀ ಪುಸ್ತಕಗಳಿಗೆ ರಟ್ಟು ಕಟ್ಟಿದ ಮನುಷ್ಯ. ಹಾಳೆಯ ಮೇಲಿದ್ದ ಅಕ್ಕರೆ ನನ್ನ ಮೇಲಿಲ್ಲ ಎಂದು ಮಕ್ಕಳೆದುರೇ ಆಡಿಕೊಂಡಿದ್ದೇನೆ. ನನಗೆ ಜ್ವರ ಬಂದರೂ ಬಾಗಿಲಲ್ಲಿ ನಿಂತೇ ವಿಚಾರಿಸುತ್ತಿದ್ದವರು. ಈಗ ಕಾಲು ಊದಿದೆಯೆಂದು ತಾವಾಗಿಯೇ ಸ್ಟೂಲು ಎಳೆದುಕೊಂಡು ಕೂತು, ಅಂಟು ಹತ್ತಿ ಒರಟಾದ ಹೆಬ್ಬೆರಳುಗಳಿಂದ ಹಾಳೆಯ ಮಡಿಕೆ ತೀಡುವ ಹಾಗೆ ತೀಡುತ್ತಿದ್ದರು. ಜೀವ ಹೋಗುವಷ್ಟು ನೋವು. ಆದರೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಬೇಡ ಎಂದರೆ ಎದ್ದು ಹೋಗಿಬಿಟ್ಟಾರು ಎಂಬ ಹೆದರಿಕೆ. ನರ್ಸ್ ಕೇಳಿದಾಗಲೂ ಏನೂ ನೋವಿಲ್ಲ ಎಂದುಬಿಟ್ಟೆ.

ಡಾಕ್ಟರಮ್ಮ ಮಾತ್ರ ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ಎರಡೂ ಕಾಲಿಗೆ ಟೇಪು ಸುತ್ತಿ ಅಳೆದರು. ಅವರು ಬೆರಳಿಟ್ಟು ಒತ್ತಿದಲ್ಲಿ ಗುಳಿ ಬಿತ್ತು, ನನಗರಿವಿಲ್ಲದೆ ಕಣ್ಣಲ್ಲಿ ನೀರು ಬಂತು. ಮಂಡಿಯ ಸುತ್ತ ಊತ ಸಹಜ, ಆದರೆ ಕೆಳಗಡೆ ಒಂದೇ ಕಾಲು ಹೀಗೆ ಊದುತ್ತಾ ಹೋಗುವುದು ಬೇರೆ ಎಂದು ಸ್ಕ್ಯಾನಿಂಗಿಗೆ ಕಳಿಸಿದರು. ಅಲ್ಲಿ ಮಬ್ಬುಗತ್ತಲೆ, ತಣ್ಣನೆಯ ಜೆಲ್, ಯಂತ್ರದ ಪರದೆಯ ಮೇಲೆ ಬೂದು ಮೋಡಗಳು. ಒತ್ತಿದರೆ ಚಪ್ಪಟೆಯಾಗಬೇಕಿದ್ದ ರಕ್ತನಾಳ ಚಪ್ಪಟೆಯಾಗಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿತ್ತು.

"ಈ ಕಾಲನ್ನ ಯಾರಾದ್ರೂ ಒತ್ತಿದ್ರಾ?" ಎಂದು ವಾರ್ಡಿಗೆ ಮರಳಿದ ಮೇಲೆ ಡಾಕ್ಟರಮ್ಮ ಕೇಳಿದರು.

ನಾನು ಸುಳ್ಳು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಯಜಮಾನರು ಶಾಲೆಯ ಹುಡುಗನ ಹಾಗೆ ಕೈ ಎತ್ತಿದರು.

ಇನ್ನು ಆ ಕಾಲು ಒತ್ತಲೇಕೂಡದು, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು ಎಂದರು ಡಾಕ್ಟರಮ್ಮ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಇಂಜೆಕ್ಷನ್ ಆಗಲೇ ಶುರುವಾಯಿತು.

ಸಂಜೆ ಮಂಚ ಮತ್ತೆ ತೇಲತೊಡಗಿತು. ಅವರು ಸ್ಟೂಲನ್ನು ಗೋಡೆಯ ತನಕ ಸರಿಸಿಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದರು.

"ನೋವಾಗ್ತಿದೆ ಅಂತ ಒಂದು ಮಾತು ಹೇಳಬಾರದಿತ್ತಾ?" ಅಂದರು.

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ."

ನಾನೇ ಹೊದಿಕೆಯಿಂದ ಕೈ ಹೊರಗೆ ಚಾಚಿದೆ.

"ಕೈ ಒತ್ತಬಹುದಂತೆ. ಡಾಕ್ಟರಮ್ಮನ್ನ ಕೇಳಿಕೊಂಡಿದ್ದೀನಿ."

ಕಣ್ಣು ಮುಚ್ಚಿದ್ದೆ. ಸ್ಟೂಲು ನೆಲಕ್ಕೆ ಉಜ್ಜುತ್ತಾ ಹತ್ತಿರ ಬರುವ ಸದ್ದು ಕೇಳಿಸಿತು. ನನಗೆ ಇನ್ನೂ ಬದುಕಬೇಕು ಎನ್ನಿಸಿತು.