ಡ್ಯೂಟಿಯ ಹೆಸರು

“ಗಂಡ ಸತ್ರೆ ಕಂಪನಿ ಸಾಮಾನು ನಿಂದಾಗ್ಬುಡ್ತದಾ? ತಕ್ಕಬಾ ಆಚೆಗೆ!”

ತಿಥಿ ಮುಗಿದ ಮಾರನೆಯ ಬೆಳಿಗ್ಗೆ. ನೆಂಟರೆಲ್ಲ ಹೊರಟುಹೋಗಿದ್ದರು. ಬೀದಿ ನಲ್ಲಿಯಲ್ಲಿ ನೀರು ಬಂದಿತ್ತು. ಬಿಂದಿಗೆ ಹಿಡಿದಿದ್ದ ಹೇಮಲತಾ ತಿರುಗಿ ನೋಡಿದಳು. ಬೈಕಿನಿಂದ ಇಳಿಯದೆ ಕೂಗುತ್ತಿದ್ದವನು ನಂಜೇಶ್. ಕಾಯಿಲೆಯವರ ಮನೆಗಳಿಗೆ ಆಳು ಕಳಿಸುವ ಏಜೆನ್ಸಿ ಅವನದು, ನಂಜನಗೂಡಿನಲ್ಲಿ. ಅವಳ ಗಂಡ ಮಾದು ಅಲ್ಲೇ ಕೆಲಸಕ್ಕಿದ್ದ.

ಅತ್ತೆ ಚಿಕ್ಕಮಾದಮ್ಮ ಬಾಗಿಲಿಗೆ ಬಂದಳು. “ಯಾವ್ ಸಾಮಾನು ಸಾ?”

“ಬೆಳ್ಳಿ ಕರಡಿಗೆ ಕಣಮ್ಮೋ. ಕತ್ಗೆ ಆಕ್ಕಂಡು ಓಯ್ತಿದ್ನಲ್ಲ, ಅದು. ನಮ್ ತಾತಂದು.”

ಲಿಂಗವಿಲ್ಲದ ಬರೀ ಕರಡಿಗೆಯನ್ನು ನಂಜೇಶನೇ ಎರವಲು ಕೊಟ್ಟಿದ್ದ. ತಿ. ನರಸೀಪುರದ ವ್ಯಾಪಾರಸ್ಥ ಸಿದ್ದಮಲ್ಲಪ್ಪನವರಿಗೆ ಲಕ್ವ ಹೊಡೆದಾಗ, ಸೊಸೆ ಚನ್ನಬಸಮ್ಮ ಏಜೆನ್ಸಿಗೆ ಬಂದು ಕೇಳಿದ್ದು ಮೂರೇ ಮಾತು. ಹುಡುಗ ಯಾವ ಜನ, ಯಾವ ಮಠದ ಒಕ್ಕಲು, ಮೊಟ್ಟೆ ಮುಟ್ಟುತ್ತಾನಾ. ಮೂತ್ರದ ಪೈಪು ನೋಡಿಕೊಳ್ಳಲು ಬರುತ್ತದೆಯೇ, ಎಲ್ಲಿ ಕಲಿತ, ಮಲಗಿದವರನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕೆಂದು ಗೊತ್ತೇ ಎಂದು ಕೇಳಲಿಲ್ಲ. ಅದೆಲ್ಲ ಬಲ್ಲವನು ದಲಿತ ಕಾಲೋನಿಯ ಮಾದು ಒಬ್ಬನೇ ಇದ್ದ. ಹಣೆಗೆ ವಿಭೂತಿ ಬಿತ್ತು. ಏಜೆನ್ಸಿ ಕಾರ್ಡಿನಲ್ಲಿ ಹೆಸರು ಮಲ್ಲಿಕಾರ್ಜುನ್ ಎಂದಾಯಿತು. “ಪೂಜೆ ಎಲ್ಲಿ ಅಂದ್ರೆ, ಮನೇಲೇ ಮುಗುಸ್ಕಂಡ್ ಬಂದೆ ಅನ್ನು” ಎಂದು ಹೇಳಿಕೊಟ್ಟವಳು ಮೈಸೂರಿನಲ್ಲಿ ಎಂ.ಎ. ಓದಿದ ಹೇಮಲತಾಳೇ.

ಒಂಬತ್ತು ತಿಂಗಳು ಹಾಗೆ ನಡೆಯಿತು. ಡ್ಯೂಟಿ ಮುಗಿಸಿ ಬರುವಾಗ ಕಬ್ಬಿನ ಲಾರಿ ಹೊಡೆಯಿತು. ಶವಾಗಾರದವರು ಕೊರಳ ಕಾರ್ಡು ನೋಡಿ ಬರೆದುಕೊಂಡರು. ಕಾಗದದ ಪ್ರಕಾರ ಸತ್ತವನು ಮಲ್ಲಿಕಾರ್ಜುನ್. ಮಾದು ಸತ್ತೇ ಇರಲಿಲ್ಲ; ಅವನ ಹೆಂಡತಿಗೆ ಲಾರಿಯ ಪರಿಹಾರವೂ ಇರಲಿಲ್ಲ.

“ಮಲ್ಲಿಕಾರ್ಜುನನೇ ಮಾದು ಅಂತ ಲೆಟರ್ ಕೊಡಿ. ಕರಡಿಗೆ ಕೊಡ್ತೀನಿ” ಎಂದಳು ಹೇಮಲತಾ.

“ಕೊಟ್ರೆ ನನ್ ಮಕಕ್ಕೆ ಉಗೀತಾರೆ. ಇನ್ನೂ ಆರ್ ಮನೆಗೆ ನಿಮ್ಮೋರ್ನೇ ಇಂಗೇ ಕಳ್ಸಿವ್ನಿ.” ನಂಜೇಶ್ ದನಿ ತಗ್ಗಿಸಿದ. “ಒಂದ್ ಕೆಲ್ಸ ಮಾಡು. ಅದ್ನ ನೀನೇ ಆಕ್ಕಂಡು ಆ ಮನೆಗೋಗು. ಓದಿದ್ದೀಯ, ಬೆಳ್ಳಗಿದ್ದೀಯ. ಅರ್ಪಿತ ಅಂತ ಬರ್ಕತ್ತೀನಿ.”

ಚಿಕ್ಕಮಾದಮ್ಮ ಪೊರಕೆ ಎತ್ತಿಕೊಂಡಳು. “ಥೂ, ನಿನ್ ಬಾಯ್ಗೆ ಮಣ್ಣಾಕ! ನನ್ ಮಗನ್ ಎಸ್ರ ನುಂಗ್ದೆ, ಈಗ ಸೊಸೇದೂ ಬೇಕೇನ್ಲಾ ಬೋಳಿಮಗನೇ?”

ಬೈಕು ತಿರುಗಿತು. ಹೇಮಲತಾ ಬಿಂದಿಗೆಯನ್ನು ಒಳಗಿಟ್ಟಳು. ಕರಡಿಗೆಯನ್ನು ಬ್ಯಾಗಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದಳು.

ಆ ಮನೆಯ ಹೊಸಿಲಿಗೇ ಕೀವಿನ ವಾಸನೆ ಬಂತು. ಚನ್ನಬಸಮ್ಮ ಮೂಗಿಗೆ ಸೆರಗು ಒತ್ತಿಕೊಂಡಿದ್ದಳು.

“ಏಜೆನ್ಸಿಯೋಳಾ? ಬಾರಮ್ಮ, ಬಾ. ಆ ಮಲ್ಲಿಕಾರ್ಜುನ ಓದ್ಮೇಲೆ ಮಾವನೋರ ಬೆನ್ನು ಕೊಳ್ತೋಗದೆ. ಚಿನ್ನದಂಥ ಉಡುಗ. ನಮ್ ಪೈಕಿಯೋನು, ಅದ್ಕೇ ಆ ಭಕ್ತಿ. ನೀನ್ ಯಾವ್ ಪೈಕಿ?”

ಮಂಚದ ಮೇಲಿನ ಮುದುಕ ಸೊಟ್ಟ ಬಾಯಲ್ಲಿ “ಮಲ್ಲೀ...” ಎಂದ.

“ಅವನ ಹೆಸರು ಮಾದು. ನನ್ನ ಗಂಡ. ನಮ್ದು ಕಾಲೋನಿ” ಎಂದಳು ಹೇಮಲತಾ. “ನಿಮ್ಮ ಮಾವನ್ನ ನೋಡ್ಕೊಂಡೋನು ಮಾದು ಅಂತ ಒಂದು ಕಾಗದ ಬರ್ಕೊಡಿ.”

ಚನ್ನಬಸಮ್ಮ ಗೋಡೆಗೆ ಆತುಕೊಂಡಳು. “ಅಯ್ಯೋ ಶಿವನೇ! ಬಾಯಿಗೆ ಅನ್ನ ಇಕ್ತಿದ್ನಲ್ಲೇ! ಕುಲಗೆಟ್ಟೋವೇ, ಒಂಬತ್ತು ತಿಂಗ್ಳು ಏಮಾರ್ಸುದ್ರಲ್ಲೇ! ಎಂಥಾ ಕಾಗ್ದ? ಮಾದಗೀದ ಯಾವನೂ ನಮ್ಮನೇಗೆ ಬಂದೇ ಇಲ್ಲ. ನಡಿಯೇ ಆಚೆಗೆ!”

ಮಂಚದ ಸರಳಿಗೆ ದಾರದಲ್ಲಿ ಒಂದು ನೋಟ್‌ಬುಕ್ ಕಟ್ಟಿತ್ತು. ಹೇಮಲತಾ ಅದನ್ನು ತೆರೆದಳು. ಅವನ ದಪ್ಪ ಅಕ್ಷರ. ಎಂಟಕ್ಕೆ ಎಡಕ್ಕೆ. ಹತ್ತಕ್ಕೆ ಬಲಕ್ಕೆ. ಹನ್ನೆರಡಕ್ಕೆ ಗಂಜಿ. ಒಂದೊಂದು ಸಾಲಿನ ಕೊನೆಗೂ ಸಹಿ: ಮಾದು. ಮಾದು. ಮಾದು. ಒಂಬತ್ತು ತಿಂಗಳು, ಪುಟ ಪುಟಕ್ಕೂ.

ಆ ಮನೆಯಲ್ಲಿ ಒಬ್ಬರೂ ಅದನ್ನು ಬಿಡಿಸಿ ನೋಡಿರಲಿಲ್ಲ.

ಅವಳು ದಾರ ಕಿತ್ತು ಪುಸ್ತಕವನ್ನು ಕಂಕುಳಿಗೆ ಸೇರಿಸಿದಳು. ಮುದುಕನ ಬೆರಳು ಸೆರಗು ಹಿಡಿಯಿತು. ಬಿಡಿಸಿಕೊಂಡಳು. ಬ್ಯಾಗಿನಿಂದ ಕರಡಿಗೆ ತೆಗೆದು, ಮುಚ್ಚಳ ತಿರುಪಿ, ಚನ್ನಬಸಮ್ಮನ ಕೈ ಎಳೆದು ಅಂಗೈಯಲ್ಲಿಟ್ಟಳು.

“ನಂಜೇಶಂದು. ಅವರಿಗೇ ಕೊಟ್ಬಿಡಿ. ಒಳಗೇನೂ ಇಲ್ಲ, ನೋಡ್ಕೊಳಿ.”