ಒಲೆಗೆ ಮೂರು ಚುಕ್ಕೆ

ಕಣಿವೆಗೆ ಸ್ವಂತ ಬಣ್ಣ ಸಿಗಬೇಕಾದರೆ ಸಾವಿರ ಜನ ಬೇಕು. ಅಜ್ಜನ ಲೆಕ್ಕಕ್ಕೆ ಸಿಕ್ಕಿದ್ದು ನಾನೂರ ಐವತ್ತು.

ಜೀವಮಾನವಿಡೀ ದಫ್ತರಖಾನೆಯಲ್ಲಿ ಹಳೆಯ ಕಡತ ಓದಿದ ಅಜ್ಜನನ್ನು ಈ ಆಟದ ಕಂಪನಿಗೆ ಕರೆತಂದವಳು ಮೊಮ್ಮಗಳು. ಅವಳು ಅಲ್ಲಿ ನಕ್ಷೆ ಬರೆಯುವವಳು. ಏಳುನೂರು ವರ್ಷ ಹಿಂದಿನ ರಾಜ್ಯಗಳನ್ನು ಕಂಪ್ಯೂಟರಿನಲ್ಲಿ ಕಟ್ಟಿ ಆಳುವ ಆಟ ಅದು. ಯಾವ ಸೀಮೆಯಲ್ಲಿ ಎಷ್ಟು ಜನರಿದ್ದರೆಂದು ಅಂದಾಜು ಹೇಳುವುದು ಅಜ್ಜನ ಕೆಲಸ. ಸಾವಿರಕ್ಕೆ ಕಡಿಮೆ ಜನರಿದ್ದ ಸೀಮೆ ನಕ್ಷೆಯಲ್ಲಿ ಪಕ್ಕದ ದೊರೆಯ ಹಸಿರು ಬಣ್ಣದಲ್ಲಿ ಕರಗಿಹೋಗುತ್ತಿತ್ತು. ಆ ದಿನ ಮೂರು ಗಂಟೆಗೆ ಜನಸಂಖ್ಯೆಯ ಪಟ್ಟಿ ಮುಚ್ಚುವುದಿತ್ತು.

ಎರಡು ಬೆಟ್ಟಗಳ ನಡುವಿನ ಆ ಕಣಿವೆ ಯಾರಿಗೂ ತಲೆಬಾಗದೆ ನೂರು ವರ್ಷ ಬಾಳಿತ್ತು. ಎರಡು ತಿಂಗಳಿಂದ ಅದು ಅಜ್ಜನಿಗೆ ನೆಂಟರ ಊರಿನಂತಾಗಿತ್ತು. ಉಳಿದ ದಾಖಲೆ ಒಂದೇ: ಕಾಡಿನ ಸೌದೆಯನ್ನು ಒಲೆಗಿಷ್ಟು ಎಂದು ಹಂಚಿದ ಪಟ್ಟಿ. ತೊಂಬತ್ತು ಒಲೆ. ಒಲೆಗೊಂದು ಮನೆ, ಮನೆಗೆ ಐದು ಜನ ಎಂದು ಅಜ್ಜ ಲೆಕ್ಕ ಹಿಡಿದಿದ್ದ.

"ಒಲೆಗೆ ಹನ್ನೆರಡು ಜನ ಅಂತ ಬರ್ದುಬಿಡು ಅಜ್ಜ. ಸತ್ತವರು ಎದ್ದು ಬಂದು ಕೇಳ್ತಾರಾ?"

"ಕೇಳಲ್ಲ ಕಣೇ. ಅದಕ್ಕೇ ಭಯ."

ತೇವ ಕುಡಿದು ಕಪ್ಪಾಗಿದ್ದ ಸೌದೆ ಪಟ್ಟಿಯ ಕೊನೆಯ ಪುಟದ ಫೋಟೋವನ್ನು ಅವಳು ಆ ಬೆಳಗ್ಗೆಯಷ್ಟೇ ತಿಳಿಯಾಗಿಸಿ ತಂದಿದ್ದಳು. ಕಾವ್ಯವಾಚನ ಕೇಳಿಯೇ ಬೆಳೆದ ಅಜ್ಜ ಕಣ್ಣಿಗಿಂತ ಕಿವಿಯನ್ನು ನಂಬುವವನು. ಎಂದಿನಂತೆ ಗಟ್ಟಿಯಾಗಿ ಓದಿದ: "ಸರದಿ ತಪ್ಪಿದವನ ಚುಕ್ಕೆ ಹೊಡೆದುಹಾಕತಕ್ಕದ್ದು."

ಓದಿದ್ದು ಕಿವಿಗೆ ತಟ್ಟಿ ನಿಂತಿತು. "ಯಾವ ಚುಕ್ಕೆ? ಪಟ್ಟಿಲಿ ಒಂದೂ ಇಲ್ವಲ್ಲ?"

ಮೊಮ್ಮಗಳು ನಾಲಿಗೆ ಕಚ್ಚಿಕೊಂಡಳು. "ಒಲೆಗಳ ಪಕ್ಕ ನೊಣ ಕೂತಿದ್ದ ಹಾಗೆ ಕೊಳೆ ಇತ್ತು ಅಜ್ಜ. ನಿನ್ನ ಕಣ್ಣಿಗೆ ಕಷ್ಟ ಅಂತ ಫೋಟೋಗಳಿಂದ ನಾನೇ ಒರೆಸಿದ್ದೆ."

"ಮಹಾತಾಯಿ! ಅರ್ಧ ಊರನ್ನೇ ಒರೆಸಿಬಿಟ್ಯಲ್ಲೇ!"

ಒರೆಸದ ಫೋಟೋಗಳನ್ನು ತೆರೆದರು. ಒಂದೊಂದು ಒಲೆಗೆ ಎರಡು ಚುಕ್ಕೆ, ಮೂರು ಚುಕ್ಕೆ. ಅಜ್ಜ ವಿವರಿಸಿದ: ಸೌದೆ ಉಳಿಯಲೆಂದು ಎರಡು ಮೂರು ಮನೆಯವರು ಒಂದೇ ಒಲೆಯಲ್ಲಿ ಸರದಿಯಂತೆ ಬೇಯಿಸಿಕೊಳ್ಳುತ್ತಿದ್ದರು, ಚುಕ್ಕೆಯೆಂದರೆ ಮನೆ. ಅವಳು ಎಣಿಸಿ ಹೇಳಿದಳು, ಅವನು ಗೀಟು ಹಾಕಿದ. ಒಟ್ಟು ಇನ್ನೂರ ಹದಿನಾಲ್ಕು ಚುಕ್ಕೆ.

"ಸಾವಿರದ ಎಪ್ಪತ್ತು ಜನ! ಗೆದ್ವಿ!"

"ಕೂತ್ಕೋ. ಹೊಡೆದುಹಾಕಿದ ಚುಕ್ಕೆಗಳನ್ನ ಕಳೀಬೇಕು."

"ಸರದಿ ತಪ್ಪಿದೋರಿಗೆ ಹೊಟ್ಟೆ ಇಲ್ವಾ?"

"ಇನ್ನೊಂದು ಒಲೆಗೆ ಸೇರಿರ್ತಾರೆ, ಅಲ್ಲಿ ಅವರ ಚುಕ್ಕೆ ಇರುತ್ತೆ. ಒಂದೇ ಎಲೆಗೆ ಎರಡು ಸಲ ಬಡಿಸ್ಬಾರ್ದು."

ಹೊಡೆದುಹಾಕಿದವನ್ನು ಒಂದೊಂದಾಗಿ ಎಣಿಸಿ ಕಳೆದ. ಒಂಬತ್ತು. ಉಳಿದದ್ದು ಇನ್ನೂರ ಐದು ಮನೆ, ಸಾವಿರದ ಇಪ್ಪತ್ತೈದು ಜನ. ಅಜ್ಜ ಕಣ್ಣು ಮುಚ್ಚಿ ಕೈ ಮುಗಿದ.

ಮೂರಕ್ಕೆ ಹತ್ತು ನಿಮಿಷ ಇರುವಾಗ ಆಟದ ಮುಖ್ಯಸ್ಥೆ ಬಂದಳು. ಚುಕ್ಕೆಗಳನ್ನು ನೋಡಿದಳು, ನಕ್ಷೆಯತ್ತ ಬಗ್ಗಿದಳು.

"ಲೆಕ್ಕ ಒಪ್ಪಿದೆ ಯಜಮಾನ್ರೇ. ಆದ್ರೆ ನಿಮ್ಮ ಕಣಿವೆ ಸಾಸಿವೆ ಕಾಳಷ್ಟಿದೆ. ಆಡೋರ ಬೆರಳಿಗೆ ಸಿಗೋದು ಹೇಗೆ?"

"ಸ್ವಲ್ಪ ಹಿಗ್ಗಿಸ್ತೀನಿ," ಎಂದು ಮೊಮ್ಮಗಳು ಗಡಿಯನ್ನು ನಾಲ್ಕೂ ಕಡೆ ಎಳೆದಳು.

ಮುಖ್ಯಸ್ಥೆ ನಕ್ಕಳು. "ಒಂಬತ್ತು ಚುಕ್ಕೆ ಬಿಡದೆ ಕಳೆದೋರು ಇದಕ್ಕೆ ಒಪ್ತೀರಾ?"

ಅಜ್ಜ ಕನ್ನಡಕ ಒರೆಸಿಕೊಂಡ. "ರಾಗದಲ್ಲಿ ಓದುವಾಗ ಅಕ್ಷರ ಎಳೀತೀವಲ್ಲಮ್ಮ, ಪದ್ಯ ಬೇರೆ ಆಗುತ್ತಾ? ನೆಲ ಎಳೀಲಿ ಬಿಡಿ. ಜನ ಮಾತ್ರ ಇದ್ದಷ್ಟೇ ಇರ್ಲಿ."

ಹಸಿರಿನ ನಡುವೆ ಕೆಂಡದ ಬಣ್ಣದ ಬೊಟ್ಟೊಂದು ಮೂಡಿತು. ಅಜ್ಜ ಅದರ ಮೇಲೆ ಬೆರಳಿಟ್ಟ. 'ಜನ: ೧೦೨೫' ಎಂದು ತೆರೆದುಕೊಂಡಿತು. ಅವನ ಮುಖ ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು.

"ಮಗಳೇ, ಆ ಅಂಕಿಗೆ ಮುಂಚೆ 'ಸುಮಾರು' ಅಂತ ಸೇರಿಸು."