ಕೆಲ್ವಿನ್ ಫಾಲ್ಸ್ ರೇಡಿಯೊದ ಚರಿತ್ರೆ

"ನಿನ್ ಪುಸ್ತಕ ಕೈಲಿಟ್ಕೊಂಡೇ ಬಂದಿದ್ರಮ್ಮಾ ಅವ್ರು," ಎಂದು ಆರ್ಲೊ ಹೇಳಿದಾಗ, ರೇಡಿಯೊದಲ್ಲಿ ವಾರ್ತೆ ಓದುವ ವರ್ನಾ ಹ್ರುಸ್ಕಾ ಕಾಫಿಗೆ ಹಾಲು ಬೆರೆಸುತ್ತಿದ್ದಳು. ಊರಾಚೆ ರೇಡಿಯೊ ಗೋಪುರಗಳಿರುವ ಹೊಲದಲ್ಲಿ ಹುಲ್ಲು ಕೊಯ್ಯುವ ಮುದುಕ ಅವನು. ಹಿಂದಿನ ದಿನ ಇಬ್ಬರು ಬಂದು ಅಳತೆಯ ಮುಕ್ಕಾಲಿ ನಿಲ್ಲಿಸಿ ನೆಲ ಅಳೆದರಂತೆ. ಮೂರು ಗೋಪುರ ಉರುಳಿಸುವುದಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರಂತೆ. ಅವಳ ಪುಸ್ತಕ ಕಾರಿನ ಮೇಲೆ ತೆರೆದು ಬಿದ್ದಿತ್ತು, ನಕ್ಷೆಯಿದ್ದ ಪುಟ. ಸ್ಟೇಷನ್ನಿನ ಎಪ್ಪತ್ತೈದನೇ ವರ್ಷದ ಹಬ್ಬಕ್ಕೆ ಏನೋ ಏರ್ಪಾಡಿರಬೇಕು ಎಂದುಕೊಂಡಿದ್ದ ಆರ್ಲೊ. ವರ್ನಾ ವಿಚಾರಿಸುತ್ತೇನೆಂದು ಹೇಳಿ ಎದ್ದಳು. ಕಾಫಿ ಹಾಗೇ ಉಳಿಯಿತು.

ಸ್ಟೇಷನ್ನಿನ ಚರಿತ್ರೆ ಹೇಳುವ ಆ ಪುಸ್ತಕಕ್ಕೆ ಅವಳು ಹದಿನಾಲ್ಕು ತಿಂಗಳ ಭಾನುವಾರಗಳನ್ನು ಕೊಟ್ಟಿದ್ದಳು. ಬೀಜದಂಗಡಿಯ ಗುಸ್ತಾಫ್ ಲಿಂಡ್‌ಕ್ವಿಸ್ಟ್ ತನ್ನ ಅಂಗಡಿಯ ಮಾಳಿಗೆಯಲ್ಲಿ ಸ್ಟೇಷನ್ ಶುರುಮಾಡಿದ್ದು, ಮೊದಲ ದಿನ ಜೋಳದ ಧಾರಣೆ ಓದಿದ ಮೇಲೆ ಅವನ ಹೆಂಡತಿ ಶ್ರುತಿ ತಪ್ಪಿ ಹಾಡಿದ್ದು, ಎಲ್ಲವನ್ನೂ ಬರೆದಿದ್ದಳು. ಹೊಳೆ ಊರೊಳಗೆ ನುಗ್ಗಿದ ವರ್ಷ ತಾನು ಮೂರು ದಿನ ಸ್ಟುಡಿಯೊದ ನೆಲದ ಮೇಲೆ ಮಲಗಿ, ಯಾವ ಮಾಡಿನ ಮೇಲೆ ಯಾರಿದ್ದಾರೆಂದು ಓದುತ್ತಾ ಹೋದದ್ದೂ ಅದರಲ್ಲಿತ್ತು. ಮಧ್ಯಾಹ್ನದ ಸಾವಿನ ಸುದ್ದಿಯಲ್ಲಿ ತನ್ನ ಹೆಂಡತಿಯ ಹೆಸರು ತಪ್ಪಾಗಿದೆ, ಇನ್ನೊಮ್ಮೆ ಸರಿಯಾಗಿ ಓದಿ ಎಂದು ಫೋನಿನಲ್ಲಿ ಅತ್ತ ರೈತನೂ ಇದ್ದ.

ಬರೆಯಲು ಹಚ್ಚಿದವನು ರಾಯ್ಸ್ ಟಿಲ್ಮನ್. ಬೆಳಗಿನ ಹರಟೆಯ ಕಾರ್ಯಕ್ರಮ ನಡೆಸುವವನು. ಇಪ್ಪತ್ತಾರು ವರ್ಷ ಒಂದೇ ಗಾಜಿನ ಆಚೆ ಅವನು, ಈಚೆ ಅವಳು. "ನಿನ್ ಬಿಟ್ರೆ ಇದೆಲ್ಲಾ ಯಾರ್ ತಲೇಲಿದೆ? ಬರಿ ಮಾರಾಯ್ತಿ," ಎಂದಿದ್ದ. ಅಷ್ಟಕ್ಕೇ ಬಿಡದೆ ಹೊಲದ ನಕ್ಷೆ ಸೇರಿಸು, ಹಗಲು ನಮ್ಮ ಅಲೆ ಎಲ್ಲಿವರೆಗೆ ಮುಟ್ಟುತ್ತದೆ ಬರಿ, ಎಷ್ಟು ಮನೆಯವರು ಕೇಳುತ್ತಾರೆ ಹಾಕು ಎಂದು ಬೆನ್ನುಹತ್ತಿದ್ದ. ಅವಳಿಗೆ ಅದು ಪ್ರೀತಿಯಾಗಿ ಕಂಡಿತ್ತು. ಅವಳ ಗಂಡ ಸಾವಿನ ಹಾಸಿಗೆಯಲ್ಲಿದ್ದ ಆರು ವಾರ ಅವಳ ಪಾಳಿಯನ್ನೂ ಸೇರಿಸಿ ಎರಡೂ ತಾನೇ ಮಾಡಿದ್ದ ಮನುಷ್ಯ ಅವನು.

ಎರಡು ಬಾಯಿಂದ ಕೇಳದ ಸುದ್ದಿಯನ್ನು ವರ್ನಾ ಎಂದೂ ಓದಿದವಳಲ್ಲ. ಆರ್ಲೊನ ಮಾತು ಒಂದು ಬಾಯಿ. ಅಂದೇ ಕೌಂಟಿ ಕಚೇರಿಗೆ ಹೋಗಿ ಕಡತ ಕೇಳಿದಳು. ಗೋಪುರಗಳ ಹೊಲದಲ್ಲಿ ಗೋದಾಮು ಕಟ್ಟಲು ಅನುಮತಿ ಬೇಡಿದ ಅರ್ಜಿ ಸಿಕ್ಕಿತು. ಮಾರುವವರ ಜಾಗದಲ್ಲಿ ಗುಸ್ತಾಫನ ಮೊಮ್ಮಗಳು, ಸ್ಟೇಷನ್ನಿನ ಈಗಿನ ಒಡತಿ ಕ್ಯಾರಿನ್ ಸಹಿ ಹಾಕಿದ್ದಳು. ಸ್ಟೇಷನ್ನಿನ ಪರವಾನಗಿ ನೂರಾರು ರೇಡಿಯೊಗಳಿರುವ ಹೊರಗಿನ ಕಂಪನಿಯ ಪಾಲಾಗುತ್ತದೆಂದೂ ಬರೆದಿತ್ತು. ಹಿಂದೆ ಲಗತ್ತಿಸಿದ್ದು ಅವಳ ಪುಸ್ತಕದ ಹನ್ನೆರಡು ಪುಟ. ಪ್ರತಿ ಪುಟದ ಕೆಳಗೂ ಅವಳ ಹೆಸರು.

ಮರುದಿನ ಬೆಳಿಗ್ಗೆ ಆರೂವರೆಗೆ, ಜಾಹೀರಾತು ಓಡುತ್ತಿದ್ದಾಗ, ಅವಳು ಗಾಜಿನಾಚೆಗೆ ಹೋಗಿ ನಿಂತಳು.

"ಯಾವಾಗಿಂದ ಗೊತ್ತಿತ್ತು?"

ರಾಯ್ಸ್ ಯಾವುದೆಂದು ಕೇಳಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. "ನೀನು ಬರೆಯೋಕೆ ಶುರು ಮಾಡೋಕ್ ಮುಂಚೆ. ಕೊಳ್ಳೋರಿಗೆ ತೋರ್ಸೋಕೆ ಏನಾದ್ರೂ ಬೇಕು ಅಂದ್ಲು ಕ್ಯಾರಿನ್. ನಿನ್ನಷ್ಟು ಚೆನ್ನಾಗಿ ಯಾರ್ ಬರೀತಿದ್ರು, ಹೇಳು."

"ನಿಂಗೇನ್ ಸಿಕ್ತು?"

"ಒಮಾಹಾದಲ್ಲಿ, ಕೊಳ್ಳೋರ ಸ್ಟುಡಿಯೊದಲ್ಲಿ ಕೆಲಸ. ಅಲ್ಲಿ ಕೂತು ನಲವತ್ತು ಊರಿಗೆ ಮಾತಾಡೋದು." ಅವನು ಗಡಿಯಾರ ನೋಡಿದ. "ಶುಕ್ರವಾರ ನಿಂಗೆ ಹೇಳೋಣ ಅಂತಿದ್ವಿ ವರ್ನಾ."

ಅಂತಿದ್ದೆ ಎನ್ನಲಿಲ್ಲ. ಅಂತಿದ್ವಿ ಎಂದ. ಅವಳು ಈಚೆಗೆ ಬಂದು ತನ್ನ ಕುರ್ಚಿಯಲ್ಲಿ ಕೂತು, ಏಳು ಗಂಟೆಯ ವಾರ್ತೆಗೆಂದು ರಾತ್ರಿಯೇ ಬರೆದಿಟ್ಟಿದ್ದ ಹಾಳೆಗೆ ಇನ್ನೊಂದು ಸಾಲು ಸೇರಿಸಿದಳು.

ಮೊದಲು ಸೇತುವೆ ರಿಪೇರಿಯ ಸುದ್ದಿ ಓದಿದಳು, ಆಮೇಲೆ ಶಾಲಾ ಮಂಡಳಿಯದು. ಮೂರನೆಯದನ್ನೂ ಅದೇ ದನಿಯಲ್ಲಿ ಓದಿದಳು: ಈ ರೇಡಿಯೊ ಮಾರಾಟವಾಗಿದೆ, ಗೋಪುರಗಳನ್ನು ಕೆಡವಲಾಗುತ್ತದೆ, ಇನ್ನು ಮುಂದಿನ ಕಾರ್ಯಕ್ರಮಗಳು ಬೇರೆ ಊರಿಂದ ಬರುತ್ತವೆ. "ಕೊಳ್ಳುವವರಿಗೆ ತೋರಿಸಿದ ಪುಸ್ತಕವನ್ನು ಬರೆದವರು, ಈ ವಾರ್ತೆ ಓದುತ್ತಿರುವ ವರ್ನಾ ಹ್ರುಸ್ಕಾ. ಅದು ಮಾರಾಟಕ್ಕೆಂದು ಅವರಿಗೆ ತಿಳಿದಿರಲಿಲ್ಲ." ಹೊಸದಾಗಿ ಬರೆದ ಸಾಲಿಗೆ ಬಂದಾಗ ತಲೆಯೆತ್ತಿದಳು. ರಾಯ್ಸ್ ಅವಳನ್ನೇ ನೋಡುತ್ತಿದ್ದ. ಬೇಡವೆಂಬಂತೆ ಅವನ ಅಂಗೈ ಗಾಜಿನ ಮೇಲಿತ್ತು. "ಬೆಳಗಿನ ಕಾರ್ಯಕ್ರಮದ ರಾಯ್ಸ್ ಟಿಲ್ಮನ್ ಅವರಿಗೆ ಈ ವಿಷಯ ಮೊದಲಿನಿಂದಲೂ ತಿಳಿದಿತ್ತೆಂದು ಅವರೇ ಹೇಳಿದ್ದಾರೆ," ಎಂದು ಓದಿದಳು. ಆಮೇಲೆ ಹವಾಮಾನ. ಮಧ್ಯಾಹ್ನದ ಮೇಲೆ ಗಾಳಿ.

ಕ್ಯಾರಿನ್‌ಳ ಫೋನಿಗೆ ಅವಳು ಕಾಯಲಿಲ್ಲ. ಕೋಟು ತೊಟ್ಟು, ಬೀಗದಕೈಗಳನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಕಾರು ಚಾಲೂ ಮಾಡಿದ್ದೇ ರೇಡಿಯೊ ತಾನಾಗಿ ಮಾತಾಡತೊಡಗಿತು. ರಾಯ್ಸ್ ಕೇಳುಗರ ಮೊದಲ ಕರೆ ತೆಗೆದುಕೊಂಡಿದ್ದ.

"ರಾಯ್ಸ್, ನಾನಪ್ಪಾ, ಸೀಡರ್ ಬೀದಿ ಬರ್ನಿಸ್," ಎಂದಿತು ಒಂದು ಮುದಿ ದನಿ. "ವರ್ನಾ ಈಗ ಓದಿದ್ದು ನಿಜವೇನಪ್ಪಾ?"

ಅವನ ಉತ್ತರಕ್ಕೆ ಬರ್ನಿಸ್ ಫೋನ್ ಹಿಡಿದೇ ಕಾದಳು. ಅವಳ ಅಡುಗೆಮನೆಯಲ್ಲಿ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಬಾಣಲೆಯಲ್ಲಿ ಏನೋ ಸಣ್ಣಗೆ ಚುರುಗುಟ್ಟುತ್ತಿತ್ತು. ರೇಡಿಯೊ ಮುಟ್ಟುವ ಐದು ಕೌಂಟಿಗಳಿಗೂ ಅದೇ ಕೇಳಿಸುತ್ತಿತ್ತು.